‘ಕ್ರಾನಿಕ್ ಇನ್‌ಫ್ಲಮೇಶನ್’ ಅನ್ನು ‘ಆರದ ಉರಿಯೂತ’ ಅನ್ನಬಹುದೇ?

ಬಲ್ಲವರಲ್ಲಿ ಒಂದು ಪ್ರಶ್ನೆ.

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆಂದು ಒಂದು ಕರಪತ್ರ ಬರೆಯುತ್ತಿದ್ದೇನೆ. ಕೀಲಿಗೆ ಬಂದ ಕಾಯಿಲೆ ಮೂಳೆ, ಹೃದಯಗಳನ್ನೂ ಯಾಕೆ ಕೆಡಿಸುತ್ತದೆ ಎಂಬುದು ವಿಷಯ. ಇನ್‌ಫ್ಲಮೇಶನ್‌ಗೆ ‘ಉರಿಯೂತ’ ನೆಲೆನಿಂತಿದೆ, ಅದರ ಬಗ್ಗೆ ತಕರಾರಿಲ್ಲ. ಪ್ರಾಚೀನ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಹೇಳಿದ ನಾಲ್ಕು ಲಕ್ಷಣ ಕೆಂಪು, ಊತ, ಬಿಸಿ, ನೋವು. ಅದರಲ್ಲಿ ಎರಡನ್ನು ನಮ್ಮ ಪದವೇ ಹೇಳಿಬಿಡುತ್ತದೆ. ಗಂಟಲು, ವಸಡು, ಬೆರಳ ಗೆಣ್ಣಿಗೆ ಚೆನ್ನಾಗಿ ಒಪ್ಪುತ್ತದೆ.

ತೊಡಕಿರುವುದು ಕಣ್ಣಿಗೆ ಕಾಣದ ಕಡೆ. ‘ಹೃದಯದ ರಕ್ತನಾಳದಲ್ಲಿ ಉರಿಯೂತ’ ಎಂದು ಬರೆದದ್ದನ್ನು ಓದಿ ನಮ್ಮತ್ತೆ, “ಎದೆಯುರಿ ತಾನೇ? ಗ್ಯಾಸ್ಟ್ರಿಕ್‌ದು” ಅಂದರು. ಅಲ್ಲಿ ನಡೆಯುವುದೇ ಬೇರೆ. ನಾಳದ ಗೋಡೆಯೊಳಗೆ ಸೇರಿಕೊಂಡ ಕೊಬ್ಬನ್ನು ತಿನ್ನಲು ಬಿಳಿರಕ್ತಕಣಗಳು ನುಗ್ಗುತ್ತವೆ, ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಹೀಗೆ ಕಟ್ಟಿಕೊಂಡ ಗಡ್ಡೆಯ ಮೇಲಿನ ಪೊರೆ ತೆಳುವಾಗುತ್ತಾ ಹೋಗಿ ಒಂದು ದಿನ ಬಿರಿದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ. ಅಲ್ಲಿಯವರೆಗೆ ರೋಗಿಗೆ ಉರಿಯೂ ಗೊತ್ತಾಗದು, ಊತವೂ ಗೊತ್ತಾಗದು. ಇದು ಬರೀ ಊಹೆಯಲ್ಲ: 2017ರ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಸುಮಾರು 10,000 ಮಂದಿಯ ಪೈಕಿ ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಮದ್ದು ಪಡೆದವರಲ್ಲಿ ಮತ್ತೆ ಆಘಾತವಾಗುವುದು ಕಡಿಮೆಯಾಯಿತು. (ಪ್ರಾಣಕ್ಕೆ ಎರವಾಗುವ ಸೋಂಕುಗಳು ಹೆಚ್ಚಿದವು ಅನ್ನುವುದೂ ನಿಜ.)

ಮೂಳೆಯ ಕಡೆ ಇನ್ನೊಂದು ಪೇಚು. ಮೂಳೆಯನ್ನು ಕರಗಿಸುವ ಕೋಶಗಳಿಗೆ ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಸಂದೇಶವಾಹಕ ಪ್ರೋಟೀನುಗಳು ಕುಮ್ಮಕ್ಕು ಕೊಡುತ್ತವೆ, ಕಟ್ಟುವ ಕೋಶಗಳು ಹಿಂದೆ ಬೀಳುತ್ತವೆ. ಸಾಲದ್ದಕ್ಕೆ ಉರಿಯೂತಕ್ಕೆಂದು ಕೊಡುವ ಸ್ಟೆರಾಯ್ಡ್ ಮಾತ್ರೆಯೂ ಮೂಳೆಯನ್ನು ತೆಳುವಾಗಿಸುತ್ತದೆ. ಹೀಗೆ ಬರುವ ಆಸ್ಟಿಯೋಪೊರೋಸಿಸ್‌ಗೆ ‘ಮೂಳೆ ಸವೆತ’ ಅಂದರೆ ಜನ ಮಂಡಿ ಸವೆತ ಅಂದುಕೊಳ್ಳುತ್ತಾರೆ. ಹಾಗಾಗಿ ‘ಟೊಳ್ಳುಮೂಳೆ’ ಎಂದು ಬರೆದಿದ್ದೇನೆ. ‘ಅಸ್ಥಿರಂಧ್ರತೆ’ ಪಠ್ಯಪುಸ್ತಕಕ್ಕೇ ಇರಲಿ.

ಈಗ ಮುಖ್ಯ ಪ್ರಶ್ನೆ, ಆ ‘ಕ್ರಾನಿಕ್’. ‘ದೀರ್ಘಕಾಲೀನ’ ತಪ್ಪಲ್ಲ, ಆದರೆ ಸಾಲದ ಕಂತಿನ ಹಾಗೆ ಕೇಳಿಸುತ್ತದೆ. ಆಯುರ್ವೇದದವರು ‘ಜೀರ್ಣಜ್ವರ’ ಅನ್ನುತ್ತಾರೆ, ಆದರೆ ‘ಜೀರ್ಣ ಉರಿಯೂತ’ ಎಂದರೆ ಎಲ್ಲರೂ ಹೊಟ್ಟೆ ಮುಟ್ಟಿಕೊಳ್ಳುತ್ತಾರೆ. ‘ಹಳೇ ಉರಿಯೂತ’ ಅಂದರೆ ಬಂದು ಹೋದದ್ದು ಅನ್ನಿಸುತ್ತದೆ. ನನಗೆ ಹೊಳೆದದ್ದು ‘ಆರದ ಉರಿಯೂತ’. ಗಾಯವೂ ಆರುತ್ತದೆ, ಬೆಂಕಿಯೂ ಆರುತ್ತದೆ. ಕೆಲಸ ಮುಗಿಸಿ ಆರಬೇಕಾದ್ದು ಆರದೆ ಉಳಿಯುವುದೇ ಇಲ್ಲಿಯ ರೋಗ.

ಇದಕ್ಕೆ ವೈದ್ಯಮಿತ್ರರೊಬ್ಬರು ಒಪ್ಪುತ್ತಿಲ್ಲ. ರೋಗಿಗಳು ‘ಆರದ’ ಎಂಬುದನ್ನು ‘ಎಂದೂ ವಾಸಿಯಾಗದ’ ಎಂದು ಓದಿ ಮಾತ್ರೆ ಬಿಟ್ಟಾರು ಎಂಬುದು ಅವರ ಭಯ. ‘ಆರದೆ ಉಳಿದ ಉರಿಯೂತ’ ಎಂದರೆ ಆ ಅನುಮಾನ ಹೋಗುತ್ತದೆಯೇ, ಅಥವಾ ಉದ್ದವಾಯಿತೇ? ಧಾರವಾಡ, ಕಲಬುರಗಿ ಕಡೆಯವರು ‘ಎಲುಬು’, ‘ಬಾವು’ ಬಳಸುತ್ತೀರಲ್ಲ, ವರ್ಷಗಟ್ಟಲೆ ಇಳಿಯದ ಬಾವಿಗೆ ಮನೆಮಾತಿನಲ್ಲಿ ಬೇರೆ ಹೆಸರಿದೆಯೇ? ಇದ್ದರೆ ವಾಕ್ಯದಲ್ಲಿ ಬಳಸಿ ತೋರಿಸಿ, ಬಿಡಿಪದ ಬೇಡ.