75 ಸಾವಿರದೊಳಗೆ ಗೇಮಿಂಗ್ ಲ್ಯಾಪ್‌ಟಾಪ್: 3050 ಸಾಕಾ, 4050ಗೇ ಹೋಗಬೇಕಾ?

ರಾಯಚೂರು ಬಿಸಿಲು:

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಬಿಇ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಲ್ಯಾಪ್‌ಟಾಪ್ ಕೊಡಿಸಬೇಕು. ಅಪ್ಪನ ಲೆಕ್ಕದಲ್ಲಿ ಅದು ಓದುವುದಕ್ಕೆ, ತಮ್ಮನ ಲೆಕ್ಕದಲ್ಲಿ ಗೇಮ್ ಆಡುವುದಕ್ಕೆ, ದುಡ್ಡು ಕೊಡುವವನು ಮಾತ್ರ ನಾನು. 70 ಸಾವಿರ ಎಂದುಕೊಂಡಿದ್ದೇನೆ. ತೀರಾ ಬೇಕೇ ಬೇಕು ಅಂದರೆ 75. ಅದರ ಮೇಲೆ ಆಗುವುದಿಲ್ಲ, ಸೇಲು-ಗೀಲು ಎಂದು ಆಸೆ ಹುಟ್ಟಿಸಬೇಡಿ.

ಅವನು ಆಡುವುದು ವ್ಯಾಲೊರಂಟ್, ಜಿಟಿಎ 5, ಫೋರ್ಜಾ ಹರೈಜನ್ 5. ಸೈಬರ್‌ಪಂಕ್ 2077 ಆಡಬೇಕು ಅನ್ನುವ ಆಸೆ ಬೇರೆ. ಇಲ್ಲಿನ ಒಂದು ಅಂಗಡಿಯಲ್ಲಿ "ಐ7 ಐತ್ರಿ, 16 ಜಿಬಿ ರ್‍ಯಾಮ್ ಐತಿ, ಯಾವ ಗೇಮ್ ಬೇಕಾದ್ರೂ ಓಡ್ತದ" ಎಂದು ತೆಳ್ಳಗಿನ ಒಂದು ಲ್ಯಾಪ್‌ಟಾಪ್ ತೋರಿಸಿದರು. ಗ್ರಾಫಿಕ್ಸ್ ಕಾರ್ಡ್ ಯಾವುದು ಎಂದು ಕೇಳಿದರೆ "ಇನ್‌ಬಿಲ್ಟ್ ಬರ್ತದ್ರಿ" ಅಂದರು. ಆನ್‌ಲೈನ್‌ನಲ್ಲಿ ನೋಡಿದರೆ ಎನ್ವಿಡಿಯಾದ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವವು 60-65 ಸಾವಿರದ ಆಸುಪಾಸು, 4050 ಇರುವವು 75ನ್ನು ಮುಟ್ಟುತ್ತವೆ. ಒಂದೇ ಹೆಸರಿನ ಲ್ಯಾಪ್‌ಟಾಪ್‌ಗೆ ಐದಾರು ಬೆಲೆ, ತಲೆ ಕೆಟ್ಟುಹೋಗಿದೆ.

ಇನ್ನೊಂದು ವಿಷಯ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಮನೆಯಲ್ಲಿ ಎಸಿ ಇಲ್ಲ. ಹಾಸ್ಟೆಲ್‌ನಲ್ಲಂತೂ ಕೇಳುವುದೇ ಬೇಡ. ಇಂಥ ಸೆಕೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಬಾಳಿಕೆ ಬರುತ್ತದಾ?

ಫ್ರೇಮ್ ಭಟ್ರು:

ಮೊದಲು ಆ ಅಂಗಡಿಯ ಐ7 ಬಿಟ್ಟುಬಿಡಿ. ವ್ಯಾಲೊರಂಟ್ ಅದರಲ್ಲಿ ಓಡುತ್ತದೆ, ಸುಳ್ಳಲ್ಲ, ಅದು ಹಗುರವಾದ ಗೇಮ್. ಜಿಟಿಎ 5 ಕೂಡ ಸೆಟ್ಟಿಂಗ್ ಇಳಿಸಿ ಆಡಬಹುದು, ಪಿಸಿಗೆ 2015ರಲ್ಲೇ ಬಂದದ್ದು ಅದು. ಸೈಬರ್‌ಪಂಕ್ ಹಾಕಿದ ದಿನ ಬಣ್ಣ ಬಯಲಾಗುತ್ತದೆ. ಗೇಮ್‌ಗೆ ಬೇಕಾಗಿರುವುದು ಪ್ರೊಸೆಸರ್ ಒಳಗಿನ ಇನ್‌ಬಿಲ್ಟ್ ಅಲ್ಲ, ಚಿತ್ರ ಮೂಡಿಸಲೆಂದೇ ಇರುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್. ಐ5 12450ಎಚ್ ಥರದ 8 ಕೋರ್ ಪ್ರೊಸೆಸರ್ ಇದ್ದರೆ ಈ ಬೆಲೆಯ ಕಾರ್ಡ್‌ಗಳಿಗೆ ಧಾರಾಳ ಆಯಿತು. ಐ7 ಸ್ಟಿಕರ್‌ಗೆ ಕೊಡುವ ಹತ್ತು ಸಾವಿರ ಕಾರ್ಡ್ ಕಡೆ ಹೋಗಲಿ.

ಈಗ ಕಾರ್ಡ್ ವಿಷಯ. ಇಲ್ಲೇ ಎಲ್ಲರೂ ಎಡವುವುದು. 3050ರಲ್ಲಿ ಎರಡು ಥರ ಇದೆ. 2021ರಲ್ಲಿ ಬಂದದ್ದರಲ್ಲಿ ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ, ಆಮೇಲೆ 6 ಜಿಬಿಯದ್ದೂ ಬಂತು. ಜಾಹೀರಾತಿನಲ್ಲಿ ಎರಡನ್ನೂ ಬರೀ "3050" ಎಂದು ಬರೆದಿರುತ್ತಾರೆ. 4 ಜಿಬಿಯದ್ದನ್ನು ಈಗ ತೆಗೆದುಕೊಳ್ಳಬೇಡಿ. ಹೊಸ ಗೇಮ್‌ಗಳಲ್ಲಿ ಆ ಮೆಮೊರಿ ತುಂಬಿಹೋಗುತ್ತದೆ, ತುಂಬಿದ ಕೂಡಲೇ ಆಟ ತಡವರಿಸುತ್ತದೆ, ಗೋಡೆ-ನೆಲ ಎಲ್ಲ ಮಸುಕು ಮಸುಕು ಕಾಣುತ್ತವೆ. 2050 ಅನ್ನುವುದೂ ಒಂದಿದೆ, ಅದೂ 4 ಜಿಬಿ, ಮೆಮೊರಿ ದಾರಿ ಬರೀ 64 ಬಿಟ್. ಅದರ ಕಡೆ ಕಣ್ಣೆತ್ತಿಯೂ ನೋಡಬೇಡಿ. ಜಿಟಿಎಕ್ಸ್ 1650 ಇನ್ನೂ ಅಲ್ಲಿ ಇಲ್ಲಿ ಮಾರುತ್ತಿದ್ದಾರೆ, ಅದರಲ್ಲಿ ಡಿಎಲ್‌ಎಸ್‌ಎಸ್ ಕೂಡ ಇಲ್ಲ, ಅಂದರೆ ಸಣ್ಣ ಚಿತ್ರವನ್ನು ಎಐನಿಂದ ದೊಡ್ಡದು ಮಾಡಿ ಆಟದ ವೇಗ ಹೆಚ್ಚಿಸುವ ಎನ್ವಿಡಿಯಾ ಸೌಲಭ್ಯ.

ಎರಡನೆಯದು ವ್ಯಾಟ್. ಒಂದೇ ಕಾರ್ಡನ್ನು ಒಂದೊಂದು ಕಂಪನಿ ಒಂದೊಂದು ಪವರ್‌ನಲ್ಲಿ ಓಡಿಸುತ್ತದೆ. ಲ್ಯಾಪ್‌ಟಾಪ್ 3050ಗೆ ಎನ್ವಿಡಿಯಾ ಇಟ್ಟಿರುವ ಮಿತಿ 35ರಿಂದ 80 ವ್ಯಾಟ್, 4050ಗೆ 35ರಿಂದ 115. ಅಂದರೆ ತೆಳ್ಳಗಿನ ಡಬ್ಬದಲ್ಲಿ 45 ವ್ಯಾಟ್ ಕುಡಿಯುವ 4050ಯೂ, ದಪ್ಪ ಡಬ್ಬದಲ್ಲಿ 95 ವ್ಯಾಟ್ ಕುಡಿಯುವ 4050ಯೂ ಹೆಸರಿನಲ್ಲಿ ಒಂದೇ, ಆಟದಲ್ಲಿ ಬೇರೆ ಬೇರೆ. ಇದನ್ನು ಟಿಜಿಪಿ ಅನ್ನುತ್ತಾರೆ. ಮಾರುವ ಸೈಟಿನಲ್ಲಿ ಇರುವುದಿಲ್ಲ, ಕಂಪನಿಯ ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿ ಹುಡುಕಿ. ಹಾಗಂತ 115 ವ್ಯಾಟೇ ಬೇಕು ಎಂದು ಹಟ ಬೇಡ, 80-90 ದಾಟಿದ ಮೇಲೆ 4050ಯಲ್ಲಿ ಸಿಗುವ ಲಾಭ ಕಮ್ಮಿ.

ನನ್ನ ಮತ 4050ಗೆ. 1080ಪಿ, ಹೈ ಸೆಟ್ಟಿಂಗ್, ಡಿಎಲ್‌ಎಸ್‌ಎಸ್ ಹಾಕಿ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನೈಜವಾಗಿ ತೋರಿಸುವ, ಕಾರ್ಡ್‌ಗೆ ಭಾರವಾದ ಸೆಟ್ಟಿಂಗ್) ಆಫ್ ಮಾಡಿದರೆ ಸೈಬರ್‌ಪಂಕ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಕೊಡುತ್ತದೆ. ನಡುವೆ ಹೆಚ್ಚುವರಿ ಫ್ರೇಮ್ ತಾನೇ ಸೃಷ್ಟಿಸುವ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ ಕೂಡ 40ರ ಸರಣಿಯಿಂದಲೇ ಶುರು, 3050ಗೆ ಆ ಭಾಗ್ಯವಿಲ್ಲ. ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್, ಏಸಸ್ ಟಫ್, ಏಸರ್ ನೈಟ್ರೊ ವಿ, ಈ ನಾಲ್ಕರಲ್ಲೇ ಹುಡುಕಿ.

ಕರಾವಳಿ ಕೀಬೋರ್ಡ್:

ಭಟ್ರೇ, ನಿಮ್ಮ ಮಾತು ಸರಿ, ಆದರೆ ಅವರ ಬಜೆಟ್ 70. 75ರ 4050 ಎಂದು ತೋರಿಸುವುದರಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದು ಮಾಡಿದವೇ. ಸ್ಕ್ರೀನ್ ನೋಡಿ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ) ಎಂದು ದೊಡ್ಡದಾಗಿ ಬರೆದು, 45% ಎನ್‌ಟಿಎಸ್‌ಸಿ ಎಂದು, ಅಂದರೆ ಬಣ್ಣ ತೋರಿಸುವ ಶಕ್ತಿ ಕಮ್ಮಿ ಎಂದು, ಮೂಲೆಯಲ್ಲಿ ಬರೆದಿರುತ್ತಾರೆ. ಅಂಥ ಸ್ಕ್ರೀನಿನಲ್ಲಿ ಕೆಂಪು ಬಣ್ಣ ಇಟ್ಟಿಗೆ ಥರ ಕಾಣುತ್ತದೆ. ಎಸ್‌ಆರ್‌ಜಿಬಿ 100% ಇರುವ, ಅಂದರೆ ಬಣ್ಣ ಪೂರ್ತಿ ತೋರಿಸುವ ಸ್ಕ್ರೀನ್ ಮುಂದೆ ಒಮ್ಮೆ ಕೂತರೆ ಮತ್ತೆ ಇದನ್ನು ನೋಡಲು ಮನಸ್ಸಾಗುವುದಿಲ್ಲ. ನಾಲ್ಕು ವರ್ಷ ದಿನಾ ನೋಡಬೇಕಾದ ವಸ್ತು ಅದು.

ಡಿಸ್ಕ್ ಲೆಕ್ಕ ಹಾಕಿ. 512 ಜಿಬಿ ಎಂದು ಕೊಟ್ಟದ್ದು ವಿಂಡೋಸ್‌ನಲ್ಲಿ 476 ಎಂದು ಕಾಣುತ್ತದೆ. ಅದರಲ್ಲಿ ವಿಂಡೋಸ್ ತನ್ನ ಪಾಲು ತಿನ್ನುತ್ತದೆ. ಫೋರ್ಜಾ 5 ಒಂದಕ್ಕೇ 110 ಜಿಬಿ ಬೇಕು, ಸೈಬರ್‌ಪಂಕ್‌ಗೆ 70, ಜಿಟಿಎ ನೂರರ ಹತ್ತಿರ. ಮೂರು ಗೇಮ್ ಹಾಕಿದರೆ ಕಾಲೇಜಿನ ಫೈಲಿಗೆ ಜಾಗ ಹುಡುಕಬೇಕು. ನಾನಾಗಿದ್ದರೆ 6 ಜಿಬಿಯ 3050 ತೆಗೆದುಕೊಂಡು, ಉಳಿದ ದುಡ್ಡಿಗೆ ಒಳ್ಳೆ ಸ್ಕ್ರೀನಿನ ಮಾಡೆಲ್ ನೋಡಿ, ಒಂದು ವರ್ಷದ ಹೆಚ್ಚುವರಿ ವಾರಂಟಿ ಹಾಕಿಸುತ್ತಿದ್ದೆ. ಅವನು ಆಡುವ ನಾಲ್ಕರಲ್ಲಿ ಮೂರು ಗೇಮ್‌ಗೆ ಅದು ಸಾಕು. ಸೈಬರ್‌ಪಂಕ್ ಮೀಡಿಯಂನಲ್ಲಿ ಆಡಲಿ, ಜೀವವೇನೂ ಹೋಗುವುದಿಲ್ಲ.

ಎಸ್‌ಪಿ ರೋಡ್ ಸುತ್ತೋನು:

ಯಾರೂ ಹೇಳಿಲ್ಲವಲ್ಲ, ನಾನೇ ಹೇಳುತ್ತೇನೆ. ಇದೇ ದುಡ್ಡಿಗೆ ಡೆಸ್ಕ್‌ಟಾಪ್ ಜೋಡಿಸಿ. ರೈಜನ್ 5 5600, ಆರ್‌ಎಕ್ಸ್ 6600 8 ಜಿಬಿ ಕಾರ್ಡ್. ಈ ಲ್ಯಾಪ್‌ಟಾಪ್‌ಗಳ ಜೊತೆ ಹೋಲಿಸಲೂ ಬೇಡ. ಬಿಸಿಯ ಚಿಂತೆಯೂ ಇಲ್ಲ, ನಾಳೆ ಕಾರ್ಡ್ ಹಳತಾದರೆ ಕಾರ್ಡ್ ಮಾತ್ರ ಬದಲಿಸಿದರಾಯಿತು.

ಮೂರನೇ ಸೆಮ್:

ಅಣ್ಣಾ, ಲ್ಯಾಬ್‌ಗೆ ಸಿಪಿಯು ಡಬ್ಬ ಹೊತ್ತುಕೊಂಡು ಹೋಗಲಾ? ಹಾಸ್ಟೆಲ್ ರೂಮಿನಲ್ಲಿ ಮೂವರು, ಮೇಜು ಒಂದು.

ಎಸ್‌ಪಿ ರೋಡ್ ಸುತ್ತೋನು:

ಹಹ್ಹ, ಸರಿ ಸರಿ. ಹಾಗಾದರೆ ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ರ್‍ಯಾಮ್ ಎಷ್ಟು ಜಿಬಿ ಅನ್ನುವುದರ ಜೊತೆ ಎಷ್ಟು ಕಡ್ಡಿ ಎಂದೂ ಕೇಳಿ. 16 ಜಿಬಿಯ ಒಂದೇ ಕಡ್ಡಿ ಹಾಕಿ ಕಳಿಸುತ್ತಾರೆ, ಆಗ ಸಿಂಗಲ್ ಚಾನೆಲ್, ಡೇಟಾ ಓಡಾಡಲು ಒಂದೇ ದಾರಿ. 8 ಜಿಬಿಯ ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್, ಅದೇ ಮಶೀನ್ ಅದೇ ಗೇಮ್‌ನಲ್ಲಿ ಜಾಸ್ತಿ ಫ್ರೇಮ್ ಕೊಡುತ್ತದೆ. ವ್ಯಾಲೊರಂಟ್ ಥರ ಪ್ರೊಸೆಸರ್ ಮೇಲೆ ನಿಂತ ಗೇಮ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೊದಲೆಲ್ಲ ನಾನು "8 ಜಿಬಿಯದ್ದು ತಗೊಳ್ಳಿ, ಆಮೇಲೆ ಎಸ್‌ಪಿ ರೋಡಲ್ಲಿ ಇನ್ನೊಂದು ಕಡ್ಡಿ ಹಾಕಿಸಿ" ಎಂದು ಎಲ್ಲರಿಗೂ ಹೇಳುತ್ತಿದ್ದೆ. ಈಗ ಆ ಕಾಲ ಹೋಯಿತು. 2025ರ ಕೊನೆಯಿಂದ ರ್‍ಯಾಮ್ ಬೆಲೆ ಆಕಾಶಕ್ಕೇರಿದೆ, ಎಐ ಕಂಪನಿಗಳ ಡೇಟಾ ಸೆಂಟರ್‌ಗಳೇ ಎಲ್ಲ ಬಾಚಿಕೊಳ್ಳುತ್ತಿವೆ. ಹಾಗಾಗಿ ಬರುವಾಗಲೇ 16 ಇರಲಿ. ಎರಡನೇ ಸ್ಲಾಟ್ ಖಾಲಿ ಇದೆಯಾ ಎಂದು ನೋಡಿಟ್ಟುಕೊಳ್ಳಿ, ಬೆಲೆ ಇಳಿದಾಗ ನೋಡೋಣ.

ಕಲಬುರಗಿ ಕಟ್ಟೆ:

ಸೆಕೆ ಬಗ್ಗೆ ಕೇಳಿದ್ದೀರಿ, ಅದಕ್ಕೆ ನಾನು ಉತ್ತರ ಕೊಡುತ್ತೇನೆ, ಈ ಬೆಂಗಳೂರಿನವರಿಗೆ ಅದು ಅರ್ಥವಾಗುವುದಿಲ್ಲ :)

ಯೂಟ್ಯೂಬ್ ರಿವ್ಯೂ ಎಲ್ಲ ಎಸಿ ರೂಮಿನಲ್ಲಿ ಮಾಡಿದ್ದು. ಅಲ್ಲಿ ಕೋಣೆ 25 ಡಿಗ್ರಿ, ನಮ್ಮಲ್ಲಿ 40. ಫ್ಯಾನ್ ಎಳೆದುಕೊಳ್ಳುವ ಗಾಳಿಯೇ ಬಿಸಿ ಇದ್ದರೆ ಅದು ತಣ್ಣಗೆ ಮಾಡುವುದಾದರೂ ಏನನ್ನು? ಪ್ರೊಸೆಸರ್ 95-100 ಡಿಗ್ರಿ ಮುಟ್ಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕೂಡಲೇ ಸುಟ್ಟುಹೋಗುವುದಿಲ್ಲ, ಭಯ ಬೇಡ, ಆದರೆ ಕೊಟ್ಟ ದುಡ್ಡಿನ ಫ್ರೇಮ್ ಸಿಗುವುದಿಲ್ಲ. ಅದಕ್ಕೇ ನಮ್ಮಂಥ ಊರಿಗೆ ದಪ್ಪ ಲ್ಯಾಪ್‌ಟಾಪೇ ಸರಿ. ಎರಡು ಫ್ಯಾನ್ ಇರಬೇಕು, ಬಿಸಿಗಾಳಿ ಹೊರಗೆ ಹೋಗುವ ಕಿಂಡಿ ಹಿಂದೆಯೂ ಪಕ್ಕದಲ್ಲೂ ಇರಬೇಕು. ತೂಕ ಎರಡೂಕಾಲು ಕೆಜಿ ಆಗಲಿ, ಹುಡುಗ ಹೊರುತ್ತಾನೆ.

ಕೊಂಡ ಮೇಲೆ ಮಾಡುವುದು ಏನಂದರೆ, ಫ್ರೇಮ್ ಕ್ಯಾಪ್ ಹಾಕಿಸಿ, ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಮಿತಿ. ಫೋರ್ಜಾ, ಜಿಟಿಎ ಥರದ್ದಕ್ಕೆ 60 ಸಾಕಲ್ವಾ, 110 ಓಡಿಸಿ ಯಾರಿಗೆ ತೋರಿಸಬೇಕು? ಬಿಸಿ ಕೂಡಲೇ ಇಳಿಯುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ವ್ಯಾಲೊರಂಟ್‌ಗೆ ಬೇಕಾದರೆ 144 ಇಟ್ಟುಕೊಳ್ಳಲಿ. ಲ್ಯಾಪ್‌ಟಾಪಿನ ಹಿಂಭಾಗವನ್ನು ಒಂದಿಂಚು ಎತ್ತಿ ಇಡಿ, ಗಾಳಿ ಬರುವುದು ಕೆಳಗಿನಿಂದ. ಹಾಸಿಗೆ ಮೇಲೆ ಇಟ್ಟು ಆಡಿದರೆ ನಾಲ್ಕು ಬಾರಿಸಿ. ವರ್ಷಕ್ಕೊಮ್ಮೆ ತಳ ಬಿಚ್ಚಿ ಧೂಳು ಊದಿಸಬೇಕು, ನಮ್ಮ ಕಡೆ ಧೂಳಿಗೇನು ಬರವೇ.

ಕರೆಂಟ್ ಹೋದಾಗ ಗೇಮ್ ಆಡುವುದು ಮರೆತುಬಿಡಿ. ಬ್ಯಾಟರಿಯಲ್ಲಿ ಕಾರ್ಡ್‌ಗೆ ಬೇಕಾದಷ್ಟು ಪವರ್ ಸಿಗುವುದೇ ಇಲ್ಲ, ಅರ್ಧ ವೇಗಕ್ಕೆ ಇಳಿಯುತ್ತದೆ, ಅದೂ ಒಂದು ಗಂಟೆ ನಿಂತರೆ ಹೆಚ್ಚು.

ರಾಯಚೂರು ಬಿಸಿಲು:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಹುಡುಕಿ ಹುಡುಕಿ ಎರಡು ಇಟ್ಟುಕೊಂಡಿದ್ದೇನೆ. ಒಂದು ರೈಜನ್ 7 7435ಎಚ್‌ಎಸ್, 4050, 16 ಜಿಬಿ ಒಂದೇ ಕಡ್ಡಿ, ಬ್ಯಾಂಕ್ ಕಾರ್ಡ್ ಡಿಸ್ಕೌಂಟ್ ಸೇರಿ 74 ಸಾವಿರ ಆಗುತ್ತದೆ. ಇನ್ನೊಂದು ಐ5 13420ಎಚ್, 3050 6 ಜಿಬಿ, 16 ಜಿಬಿ, 64. ತಮ್ಮ ರೈಜನ್ 7 ಎಂದು ಕುಣಿಯುತ್ತಿದ್ದಾನೆ. ತೆಗೆದುಕೊಳ್ಳಲಾ?

ಫ್ರೇಮ್ ಭಟ್ರು:

ಸ್ವಲ್ಪ ತಡೆಯಿರಿ. 7435ಎಚ್‌ಎಸ್ ಗೇಮ್‌ಗೆ ಒಳ್ಳೆ ಪ್ರೊಸೆಸರ್, ಆದರೆ ಅದರೊಳಗೆ ಇನ್‌ಬಿಲ್ಟ್ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಬೇರೆ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ನೋಟ್ಸ್ ಬರೆಯುವಾಗ, ಬ್ರೌಸರ್ ನೋಡುವಾಗ ದೊಡ್ಡ ಕಾರ್ಡ್ ಮಲಗಿರುತ್ತದೆ, ಸಣ್ಣ ಇನ್‌ಬಿಲ್ಟ್ ಕೆಲಸ ಮಾಡುತ್ತದೆ. ಇದರಲ್ಲಿ ಪಿಡಿಎಫ್ ತೆರೆಯಲೂ 4050ಯೇ ಎದ್ದು ಕೂರಬೇಕು. ಆಟಕ್ಕೆ ಏನೂ ನಷ್ಟವಿಲ್ಲ, ಬ್ಯಾಟರಿ ಮಾತ್ರ ಬೇಗ ಖಾಲಿ. ಬೆಳಿಗ್ಗೆ ಕ್ಲಾಸಿಗೆ ಒಯ್ದು ಮಧ್ಯಾಹ್ನ ಲ್ಯಾಬ್‌ನಲ್ಲಿ ತೆರೆಯುವವನು ಚಾರ್ಜರ್ ಹೊತ್ತೇ ತಿರುಗಬೇಕು. ಆ ಚಾರ್ಜರ್ ಇಟ್ಟಿಗೆಯಷ್ಟು ಭಾರ.

ಕಾಲೇಜಿನಲ್ಲಿ ಎಲ್ಲ ಕಡೆ ಪ್ಲಗ್ ಇದೆ ಅಂದರೆ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ, 74ಕ್ಕೆ 4050 ಕೆಟ್ಟ ಬೆಲೆಯಲ್ಲ. ಇಲ್ಲ ಅಂದರೆ ಇಂಟೆಲ್ ಪ್ರೊಸೆಸರ್ ಇರುವ 4050ಗೆ ಕಾಯಿರಿ. ದಸರಾ ಮುಂಚೆ ಸೇಲ್ ಬರುತ್ತದೆ. ಸೇಲ್ ಹೆಸರು ಎತ್ತಬೇಡಿ ಎಂದು ನೀವು ಹೇಳಿದ್ದೀರಿ, ಆದರೂ ಹೇಳುತ್ತಿದ್ದೇನೆ.

ಮೂರನೇ ಸೆಮ್:

ನಮ್ಮ ಕಾಲೇಜಿನಲ್ಲಿ ಪ್ಲಗ್ ಇರುವುದು ಕೊನೆ ಬೆಂಚಿನ ಗೋಡೆಯಲ್ಲಿ ಮಾತ್ರ. ಅಲ್ಲಿ ಕೂರಲು ಜಗಳ.

ಇನ್ನೊಂದು, ಸಿಎಸ್‌ನವರು ಲಿನಕ್ಸ್ ಹಾಕಿಕೊಳ್ಳುತ್ತಾರೆ. ವ್ಯಾಲೊರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಅದರ ಆ್ಯಂಟಿ-ಚೀಟ್ (ಮೋಸದಾಟ ತಡೆಯುವ ಸಾಫ್ಟ್‌ವೇರ್) ಬಿಡುವುದಿಲ್ಲ. ವಿಂಡೋಸ್ 11ರಲ್ಲೂ ಸೆಕ್ಯೂರ್ ಬೂಟ್ (ಮಶೀನ್ ಶುರುವಾಗುವಾಗಿನ ಸುರಕ್ಷತಾ ತಪಾಸಣೆ) ಆನ್ ಇರಬೇಕು. ಲಿನಕ್ಸ್ ಹಾಕಲು ಅದನ್ನು ಆಫ್ ಮಾಡಿ, ಆಮೇಲೆ ಗೇಮ್ ತೆರೆಯುತ್ತಿಲ್ಲ ಎಂದು ಅಳುವವರು ನಮ್ಮ ಹಾಸ್ಟೆಲ್‌ನಲ್ಲಿ ತುಂಬಾ ಜನ. ಮೊದಲ ವರ್ಷಕ್ಕೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಸಾಕು ಅಂತ ತಮ್ಮನಿಗೆ ಹೇಳಿ.

ಕರಾವಳಿ ಕೀಬೋರ್ಡ್:

ನನ್ನ ಓಟು ಇನ್ನೂ 64ರದ್ದಕ್ಕೇ. ಹತ್ತು ಸಾವಿರ ಉಳಿಯಿತಲ್ಲ. ಯಾವುದೇ ತಗೊಳ್ಳಿ, ಕೊಳ್ಳುವ ಮೊದಲು ಕಂಪನಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್‌ಗೆ ಮನೆಗೆ ಬಂದು ರಿಪೇರಿ ಮಾಡುತ್ತಾರಾ ಎಂದು ಕೇಳಿ. ಪೆಟ್ಟಿಗೆ ಮೇಲೆ ಆನ್‌ಸೈಟ್ ಎಂದು ಬರೆದಿದ್ದರೂ ಸಣ್ಣ ಊರಿಗೆ ಅದು ಬರುವುದಿಲ್ಲ ಅನ್ನುವ ಉತ್ತರ ನನಗೆ ಸಿಕ್ಕಿತ್ತು, ಅದೂ ಹಿಂಜ್ ಮುರಿದ ಮೇಲೆ. ಕಂಪನಿ ಹೆಸರು ಬೇಡ ಬಿಡಿ, ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾದೆ.

ಪೆಟ್ಟಿಗೆ ಬಿಚ್ಚುವಾಗ ಪೂರ್ತಿ ವಿಡಿಯೊ ಮಾಡಿ. ಆನ್ ಮಾಡಿದ ಕೂಡಲೇ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಕಾರ್ಡಿನ ವ್ಯಾಟ್, ಮೆಮೊರಿ ಎರಡೂ ಕಾಣುತ್ತವೆ. ಹೇಳಿದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಅವತ್ತೇ ವಾಪಸ್ ಹಾಕಿ.

ರಾಯಚೂರು ಬಿಸಿಲು:

ಕಾಲೇಜಿಗೆ ಹೋಗಿ ಪ್ಲಗ್ ಎಣಿಸಿಕೊಂಡು ಬಾ ಎಂದು ತಮ್ಮನಿಗೆ ಹೇಳಿದ್ದೇನೆ. ಅವನು ಹೇಗೂ "ಎಲ್ಲಾ ಕಡೆ ಇದೆ" ಎಂದೇ ಹೇಳುತ್ತಾನೆ, ಅದು ಬೇರೆ ಮಾತು. ಕೊನೆಯದಾಗಿ, 74ರದ್ದಕ್ಕೆ ನೋ ಕಾಸ್ಟ್ ಇಎಂಐ ತೋರಿಸುತ್ತಿದೆ. ನಿಜವಾಗಿಯೂ ಬಡ್ಡಿ ಇಲ್ಲವಾ?

ಎಸ್‌ಪಿ ರೋಡ್ ಸುತ್ತೋನು:

ಬಡ್ಡಿ ಇರುತ್ತದೆ, ಅದೇ ಮೊತ್ತವನ್ನು ಮೊದಲೇ ಡಿಸ್ಕೌಂಟ್ ಎಂದು ಕಳೆದಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲಿಗೇ ಬರುತ್ತದೆ, ಬ್ಯಾಂಕಿನ ಪ್ರೊಸೆಸಿಂಗ್ ಫೀ ಬೇರೆ. ಕೆಲವು ಸಲ ಒಟ್ಟಿಗೆ ದುಡ್ಡು ಕಟ್ಟಿದರೆ ಸಿಗುವ ಕಾರ್ಡ್ ಡಿಸ್ಕೌಂಟು ಇಎಂಐ ಹಾಕಿದರೆ ಕಮ್ಮಿ ಆಗುತ್ತದೆ, ಕೆಲವು ಸಲ ಜಾಸ್ತಿ ಆಗುತ್ತದೆ. ಪೇಮೆಂಟ್ ಪುಟದವರೆಗೆ ಹೋಗಿ ಎರಡೂ ಥರ ಒತ್ತಿ ನೋಡಿ, ಕೊನೆಯ ಮೊತ್ತ ಬರೆದುಕೊಂಡು ಆಮೇಲೆ ದುಡ್ಡು ಕಟ್ಟಿ.