ಸಹಾಯ ಬೇಕು: ಹೀಥ್ರೂದಿಂದ ಜೆಎಫ್‌ಕೆಗೆ ನಿಜವಾಗಿ ಎಷ್ಟು ಹೊತ್ತು?

ಎಲ್ಲರಿಗೂ ನಮಸ್ಕಾರ. ಅಮ್ಮ ಮೊದಲ ಸಲ ಒಬ್ಬರೇ ಲಂಡನ್ನಿನ ಹೀಥ್ರೂದಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಹೋಗ್ತಿದ್ದಾರೆ. ದೂರ ಸುಮಾರು 5,540 ಕಿ.ಮೀ. ಟಿಕೆಟ್ ನೋಡಿದರೆ ಹೊರಡೋದಕ್ಕೂ ತಲುಪೋದಕ್ಕೂ ಮೂರೇ ಗಂಟೆ ವ್ಯತ್ಯಾಸ! ನ್ಯೂಯಾರ್ಕ್ ಗಡಿಯಾರ 5 ಗಂಟೆ ಹಿಂದಿರೋದರಿಂದ ಒಟ್ಟು 8 ಗಂಟೆ ಅಂತ ಲೆಕ್ಕ ಹಾಕಿದೆ, ಸರಿ ತಾನೆ? ವಾಪಸ್ ಬರುವಾಗ 7 ಗಂಟೆ ಇದೆ. ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹಿಂದಿನಿಂದ ತಳ್ಳುತ್ತದಲ್ಲ, ಅದಕ್ಕೇ.

ನನ್ನ ಚಿಂತೆಯೆಲ್ಲ ಅವರ ಮಾತ್ರೆಯದು. 8 ಗಂಟೆಗೊಮ್ಮೆ ತಪ್ಪದೆ ತಗೋಬೇಕು. ಇಳಿದ ಮೇಲೆ ಇಮಿಗ್ರೇಷನ್, ಲಗೇಜ್ ಮುಗಿಸಿ ಹೊರಬರಲು ಇನ್ನೆಷ್ಟು ಹೊತ್ತು ಸೇರಿಸಬೇಕು? ಈ ದಾರಿಯಲ್ಲಿ ವಯಸ್ಸಾದವರನ್ನು ಕಳಿಸಿದವರಿದ್ದರೆ ದಯವಿಟ್ಟು ತಿಳಿಸಿ.