ಎಫ್‌ಎಂಸಿ ಕಲಿಯುವುದು ಹೇಗೆ? ಹಾರಿಸುವವರು, ರಿಪೇರಿ ಮಾಡುವವರು, ದಾರಿ ಬರೆದುಕೊಡುವವರು ಹೇಳಿದ್ದು

ಕೇಳಿದ್ದು

ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ಕೈಗೆ ಬಂದಿದೆ. ಹಾರಿದ 200 ಗಂಟೆಯೂ ಸಣ್ಣ ವಿಮಾನಗಳಲ್ಲೇ: ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್, ಕಣ್ಣು ಗಡಿಯಾರದ ಮೇಲೆ. ಇಷ್ಟರಲ್ಲೇ ಏರ್‌ಬಸ್ ಎ320 ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗಾಗಿ ತರಬೇತಿ) ಶುರುವಾಗಲಿದೆ. ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರಿನ (ಎಫ್‌ಎಂಸಿ: ದಾರಿ, ವೇಗ, ಇಂಧನದ ಲೆಕ್ಕ ಹಾಕುವ ವಿಮಾನದ ಕಂಪ್ಯೂಟರ್) ಕೈಪಿಡಿ ತೆರೆದರೆ ಎದೆ ಧಸಕ್ಕೆನ್ನುತ್ತದೆ. ಯಾವುದನ್ನು ಬಾಯಿಪಾಠ ಮಾಡಬೇಕು, ಯಾವುದನ್ನು ಬಿಡಬಹುದು? ಲೆಕ್ಕವನ್ನೆಲ್ಲ ಅದೇ ಹಾಕುವುದಾದರೆ ಕಷ್ಟಪಟ್ಟು ಕಲಿತ ಬಾಯಿಲೆಕ್ಕ ಇನ್ನು ಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಎ320 ಸಹಪೈಲಟ್, ಬೆಂಗಳೂರು

ಬಾಯಿಪಾಠ ಮಾಡಬೇಕಾದದ್ದು ಪುಟಗಳನ್ನಲ್ಲ, ಕ್ರಮವನ್ನು. ಇಬ್ಬರು ಪೈಲಟ್‌ಗಳ ನಡುವಿನ ಕಟ್ಟೆಯಲ್ಲಿ ಎಂಸಿಡಿಯು ಎಂಬ ಎರಡು ಪುಟ್ಟ ಪರದೆಗಳಿರುತ್ತವೆ; ಎಫ್‌ಎಂಸಿಗೆ ಮಾಹಿತಿ ಕೊಡುವುದು ಇವುಗಳ ಗುಂಡಿಗಳಿಂದಲೇ. ಅವುಗಳ ಅಕ್ಷರಗಳು ನಿಮ್ಮ ಲ್ಯಾಪ್‌ಟಾಪ್‌ನಂತೆ ಇರುವುದಿಲ್ಲ. ಎ, ಬಿ, ಸಿ ಎಂದು ಸಾಲಾಗಿ ಇರುತ್ತವೆ. ಮೊದಲ ವಾರ ಬೆರಳುಗಳು ತಡಕಾಡುವುದು ಖಚಿತ. ಒತ್ತಿದ್ದೆಲ್ಲ ಮೊದಲು ಪರದೆಯ ತಳದ ಸಾಲಿನಲ್ಲಿ ಮೂಡುತ್ತದೆ. ಆಮೇಲೆ ಪಕ್ಕದ ಗುಂಡಿ ಒತ್ತಿ ಅದನ್ನು ಬೇಕಾದ ಸಾಲಿಗೆ ಏರಿಸಬೇಕು.

ಬೆಂಗಳೂರಿನಿಂದ ದೆಹಲಿಗೆ ಎಂದುಕೊಳ್ಳಿ. ಡೇಟಾ ಪುಟದಲ್ಲಿ ಎಂಜಿನ್ ಯಾವುದು, ಡೇಟಾಬೇಸ್ ಯಾವ ತಾರೀಕಿನದು ಎಂದು ನೋಡಿ. ಇನಿಟ್ ಪುಟದಲ್ಲಿ ವಿಒಬಿಎಲ್, ವಿಐಡಿಪಿ (ಬೆಂಗಳೂರು, ದೆಹಲಿ ನಿಲ್ದಾಣಗಳ ಸಂಕೇತಗಳು), ವಿಮಾನದ ಸಂಖ್ಯೆ, ಹಾರುವ ಎತ್ತರ. ನಂತರ ದಾರಿ, ಪರ್ಯಾಯ ದಾರಿ, ರೇಡಿಯೊ ನೆಲೆಗಳು. ಆಮೇಲೆ ಇನಿಟ್‌ನ ಎರಡನೆಯ ಪುಟದಲ್ಲಿ ತೂಕ ಮತ್ತು ಇಂಧನ. ಕೊನೆಗೆ ಪರ್ಫ್ ಪುಟದಲ್ಲಿ ಟೇಕಾಫ್ ವೇಗಗಳು. ತೂಕದ ಆ ಪುಟ ಎಂಜಿನ್ ಶುರುವಾದ ಮೇಲೆ ಮಾಯವಾಗುತ್ತದೆ. ಆಗ ಹುಡುಕುತ್ತ ಕೂರಬೇಡಿ.

ಬಣ್ಣಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಕಿತ್ತಳೆ ಬಣ್ಣದ ಖಾಲಿ ಚೌಕಗಳನ್ನು ತುಂಬಲೇಬೇಕು. ನೀಲಿಯನ್ನು ನೀವು ಬದಲಿಸಬಹುದು. ಹಸಿರನ್ನು ಬದಲಿಸಲಾಗದು. ದಾರಿಯ ನಡುವೆ 'ಡಿಸ್ಕಂಟಿನ್ಯುಟಿ' ಎಂದು ಬಂದರೆ ಮುಂದಿನ ಬಿಂದುವಿಗೆ ಹೇಗೆ ಹೋಗಬೇಕೆಂದು ಅದಕ್ಕೆ ಗೊತ್ತಿಲ್ಲ ಎಂದರ್ಥ. ಹೊಸಬರಿಗೆ ಅದನ್ನು ಕಂಡ ತಕ್ಷಣ ಅಳಿಸಿಹಾಕುವ ಚಪಲ. ಕೆಲವು ತುಂಡುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ, ಏಕೆಂದರೆ ಅಲ್ಲಿಂದ ಮುಂದೆ ದಿಕ್ಕು ಹೇಳುವವರು ವಾಯು ಸಂಚಾರ ನಿಯಂತ್ರಕರು. ಅಳಿಸುವ ಮೊದಲು ಚಾರ್ಟ್ ನೋಡಿ.

ತುಂಬಿದ್ದಾಯಿತು ಎಂದ ಮೇಲೆಯೇ ನಿಜವಾದ ಕೆಲಸ. ಒಬ್ಬರು ಕಾಗದದ ಫ್ಲೈಟ್ ಪ್ಲಾನ್ ಓದುತ್ತಾರೆ, ಇನ್ನೊಬ್ಬರು ಪರದೆಯಲ್ಲಿ ಒಂದೊಂದೇ ವೇಪಾಯಿಂಟ್ (ದಾರಿಯ ಬಿಂದು) ಸರಿಸುತ್ತ ದಿಕ್ಕು, ದೂರ ಹೇಳುತ್ತಾರೆ. ಕೊನೆಗೆ ಒಟ್ಟು ದೂರ ಎರಡೂ ಕಡೆ ತಾಳೆಯಾಗಬೇಕು. ಬೇಸರದ ಕೆಲಸ, ಆದರೆ ಇದನ್ನು ಅವಸರದಲ್ಲಿ ಮುಗಿಸುವ ಸಹೋದ್ಯೋಗಿಯ ಜೊತೆ ಹಾರಲು ನನಗೆ ಇಷ್ಟವಿಲ್ಲ.

ನಿವೃತ್ತ ಕ್ಯಾಪ್ಟನ್, ಮೈಸೂರು

ಬಾಯಿಲೆಕ್ಕ ಬೇಕೇ ಎಂದಿರಲ್ಲ, ಅದಕ್ಕೆ ಮಾತ್ರ ಉತ್ತರಿಸುತ್ತೇನೆ. ಎಫ್‌ಎಂಸಿ ಇಲ್ಲದ ಬೋಯಿಂಗ್ 737-200 ಹಾರಿಸಿ ಆಮೇಲೆ ಏರ್‌ಬಸ್‌ಗೆ ಬಂದವನು ನಾನು. ಇಳಿಯಲು ಎಲ್ಲಿಂದ ಶುರುಮಾಡಬೇಕೆಂದು ನಾವು ಮೂರರ ಮಗ್ಗಿಯಲ್ಲಿ ಹೇಳುತ್ತಿದ್ದೆವು. 36,000 ಅಡಿಯಲ್ಲಿದ್ದರೆ ಮೂವತ್ತಾರು ಮೂರಲಿ 108. ಅಂದರೆ ನಿಲ್ದಾಣಕ್ಕೆ 108 ನಾಟಿಕಲ್ ಮೈಲಿ ಇರುವಾಗ. ಹಿಂಗಾಳಿ ಇದ್ದರೆ ಸ್ವಲ್ಪ ಮೊದಲೇ. ಎಫ್‌ಎಂಸಿ ಗಾಳಿ, ತೂಕ, ನಡುವಿನ ಎತ್ತರದ ಕಟ್ಟಳೆ ಎಲ್ಲವನ್ನೂ ಸೇರಿಸಿ ನನಗಿಂತ ಚೆನ್ನಾಗಿ ಹೇಳುತ್ತದೆ, ಒಪ್ಪುತ್ತೇನೆ. ಆದರೆ ಅದು 80 ಎಂದು ತೋರಿಸಿದಾಗ 'ಎಲ್ಲೋ ತಪ್ಪಿದೆ' ಎಂದು ತಟ್ಟನೆ ಹೊಳೆಯಬೇಕಾದರೆ ನಿಮ್ಮ ತಲೆಯಲ್ಲಿ 108 ಇರಬೇಕು.

ಇನ್ನೊಂದು ವಿಷಯ. ಎ320ರಲ್ಲಿ ಗುಂಡಿ ಒತ್ತಿದರೆ ವಿಮಾನ ಕಂಪ್ಯೂಟರಿನ ಮಾತು ಕೇಳುತ್ತದೆ, ಎಳೆದರೆ ನಿಮ್ಮ ಮಾತು ಕೇಳುತ್ತದೆ. ಈಗ ಯಾರ ಮಾತು ನಡೆಯುತ್ತಿದೆ ಎಂದು ನಿಮ್ಮ ಎದುರಿನ ಪರದೆಯ ತಲೆಯ ಮೇಲಿನ ಸಾಲು ಹೇಳುತ್ತದೆ. ಅದನ್ನು ಬಾಯಿಬಿಟ್ಟು ಓದುವ ಅಭ್ಯಾಸ ಮಾಡಿಕೊಳ್ಳಿ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ನಮ್ಮ ದೇಶಕ್ಕೆ ಎ320 ಬಂದು ಆಗ ವರ್ಷವೂ ತುಂಬಿರಲಿಲ್ಲ. ವಿಮಾನ ಓಪನ್ ಡಿಸೆಂಟ್ ಎಂಬ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್ ಐಡಲ್‌ಗೆ (ಅತಿ ಕಡಿಮೆ ಬಲಕ್ಕೆ) ಇಳಿದಿರುತ್ತದೆ, ವೇಗ ಕಾಯಲು ಬಲ ಏರಿಸುವುದಿಲ್ಲ. ಅದು ಕಾಕ್‌ಪಿಟ್‌ನಲ್ಲಿ ಗಮನಕ್ಕೆ ಬರುವ ಹೊತ್ತಿಗೆ ಕಾಲ ಮೀರಿತ್ತು. ಕಂಪ್ಯೂಟರ್ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ವಿಮಾನ ನಿರ್ವಹಣಾ ಎಂಜಿನಿಯರ್, ದೇವನಹಳ್ಳಿ

ನಮ್ಮ ಕಡೆಯಿಂದ ಎರಡು ಮಾತು. ಎಫ್‌ಎಂಸಿಯೊಳಗಿನ ನಕ್ಷೆ 28 ದಿನಕ್ಕೊಮ್ಮೆ ಬದಲಾಗುತ್ತದೆ, ಜಗತ್ತಿನಾದ್ಯಂತ ಒಂದೇ ದಿನ. ಅದಕ್ಕಾಗಿ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ತುಂಬಿರುತ್ತೇವೆ. ಬದಲಾಗುವ ದಿನ ಯಾವುದು ಚಾಲ್ತಿಯಲ್ಲಿದೆ ಎಂದು ನೋಡುವುದು ನಿಮ್ಮ ಕೆಲಸವೂ ಹೌದು.

ಎರಡನೆಯದು ಸ್ಥಾನ. ತಾನೆಲ್ಲಿದ್ದೇನೆ ಎಂಬುದನ್ನು ಅದು ಮೂರು ಕಡೆಯಿಂದ ತಿಳಿಯುತ್ತದೆ: ಜಿಪಿಎಸ್, ನೆಲದ ರೇಡಿಯೊ ನೆಲೆಗಳು, ವಿಮಾನದ ಪ್ರತಿ ಅಲುಗಾಟವನ್ನೂ ಅಳೆಯುವ ಇನರ್ಷಿಯಲ್ ಘಟಕ. ಈ ಮೂರನೆಯದಕ್ಕೆ ನಿಂತ ಜಾಗ ಯಾವುದೆಂದು ಮೊದಲು ಹೇಳಿಕೊಡಬೇಕು. 2015ರ ಮಾರ್ಚ್ 10ರಂದು ಸಿಡ್ನಿಯಲ್ಲಿ ಏರ್‌ಏಷ್ಯಾ ಎಕ್ಸ್ ವಿಮಾನದ ರೇಖಾಂಶವನ್ನು ಕೈಯಿಂದ ಒತ್ತುವಾಗ 15109.8 ಹೋಗಿ 01519.8 ಆಯಿತು. 151 ಡಿಗ್ರಿಯ ಬದಲು 15 ಡಿಗ್ರಿ! ತಾನು 11,000 ಕಿಲೋಮೀಟರಿಗೂ ಆಚೆ ಇದ್ದೇನೆಂದು ಕಂಪ್ಯೂಟರ್ ನಂಬಿಕೊಂಡಿತು. ಕ್ವಾಲಾಲಂಪುರಕ್ಕೆ ಹೊರಟವರು ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿದರು.

ಬೋಯಿಂಗ್ 777 ಕ್ಯಾಪ್ಟನ್, ಉಡುಪಿಯವಳು, ಈಗ ದುಬೈ

ಬೋಯಿಂಗ್‌ನಲ್ಲಿ ಎಕ್ಸಿಕ್ಯೂಟ್ ಎಂಬ ಗುಂಡಿಯಿದೆ. ನೀವು ಮಾಡಿದ ಬದಲಾವಣೆ ಅದನ್ನು ಒತ್ತುವವರೆಗೆ ಬರೀ ಪ್ರಸ್ತಾವ, ಒತ್ತಿದರೆ ಆಜ್ಞೆ. ಏರ್‌ಬಸ್‌ನಲ್ಲಿ ಅದೇ ಕೆಲಸಕ್ಕೆ ಹಳದಿ ಬಣ್ಣದ ತಾತ್ಕಾಲಿಕ ದಾರಿಯಿದೆ. ಒತ್ತುವ ಮುನ್ನ ನಕ್ಷೆಯ ಪರದೆಯಲ್ಲಿ ಗೆರೆ ಎತ್ತ ತಿರುಗಿತು ಎಂದು ಇಬ್ಬರೂ ನೋಡಲೇಬೇಕು.

ಹೀಗೇಕೆ ಹೇಳುತ್ತೇನೆಂದರೆ, 1995ರ ಡಿಸೆಂಬರ್ 20ರ ರಾತ್ರಿ ಕೊಲಂಬಿಯಾದ ಕಾಲಿ ಊರಿಗೆ ಇಳಿಯುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ 757ರಲ್ಲಿ ರೋಜೊ ಎಂಬ ರೇಡಿಯೊ ನೆಲೆಗಾಗಿ 'ಆರ್' ಎಂದಷ್ಟೇ ಒತ್ತಿದರು. ಚಾರ್ಟ್‌ನಲ್ಲಿ ಅದರ ಗುರುತು ಆರ್ ಎಂದೇ ಇತ್ತು. ಆದರೆ ಡೇಟಾಬೇಸ್‌ನಲ್ಲಿ ಅದು ಪೂರ್ತಿ ಹೆಸರಿನಲ್ಲಿ ಕೂತಿತ್ತು. ಆರ್ ಎಂದಾಗ ಪಟ್ಟಿಯ ತಲೆಯಲ್ಲಿ ಬಂದದ್ದು ಬೊಗೊಟಾ ಬಳಿಯ ರೋಮಿಯೊ. ವಿಮಾನ ವಿಧೇಯವಾಗಿ ಎಡಕ್ಕೆ ತಿರುಗಿತು. ಕತ್ತಲಲ್ಲಿ ಬೆಟ್ಟ. 163 ಮಂದಿಯಲ್ಲಿ ಉಳಿದವರು ನಾಲ್ವರು.

ಈಗಿನ ಹೊಸ ತಲೆನೋವು ಜಿಪಿಎಸ್ ಸ್ಪೂಫಿಂಗ್. 2023ರಿಂದ ಇರಾಕ್ ಸುತ್ತಮುತ್ತ ಸುಳ್ಳು ಸಂಕೇತಗಳ ಕಾಟ ಹೆಚ್ಚಾಯಿತು; ಅದೇ ನವೆಂಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೂಡ ಸುತ್ತೋಲೆ ಹೊರಡಿಸಿತು. ಗಡಿಯಾರ ಇದ್ದಕ್ಕಿದ್ದಂತೆ ಹಿಂದೆಮುಂದೆ ಜಿಗಿದರೆ, ಎತ್ತರದಲ್ಲಿ ಸಮನಾಗಿ ಹಾರುತ್ತಿರುವಾಗ ನೆಲ ಹತ್ತಿರವಿದೆ ಎಂದು ಎಚ್ಚರಿಕೆ ಕೂಗಿದರೆ ಅನುಮಾನಪಡಿ. ನಮ್ಮ ವಿಧಾನದಲ್ಲಿ ಆ ಪ್ರದೇಶಕ್ಕೆ ಮುಂಚೆಯೇ ಜಿಪಿಎಸ್ಸನ್ನು ಲೆಕ್ಕದಿಂದ ಹೊರಗಿಡುವುದೂ ಉಂಟು. ಆಗ ಇನರ್ಷಿಯಲ್ ಘಟಕ, ನೆಲದ ರೇಡಿಯೊ ನೆಲೆಗಳೇ ಗತಿ.

ಫ್ಲೈಟ್ ಡಿಸ್ಪ್ಯಾಚರ್ (ದಾರಿ ಬರೆದುಕೊಡುವವರು)

ಕಾಸ್ಟ್ ಇಂಡೆಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಸಮಯಕ್ಕೆ ಎಷ್ಟು ಬೆಲೆ, ಇಂಧನಕ್ಕೆ ಎಷ್ಟು ಬೆಲೆ ಎಂಬುದರ ಅನುಪಾತ ಅದು. ಸೊನ್ನೆ ಕೊಟ್ಟರೆ ಎಣ್ಣೆ ಉಳಿಸಿ ನಿಧಾನ ಹೋಗುತ್ತದೆ, ಏರಿಸಿದರೆ ಓಡುತ್ತದೆ. ನಾವು ಕೊಟ್ಟ ಅಂಕಿಯನ್ನು ತಡವಾಯಿತೆಂದು ಮನಸ್ಸಿಗೆ ಬಂದಂತೆ ಏರಿಸಬೇಡಿ, ಮೊದಲು ಒಂದು ಸಂದೇಶ ಕಳಿಸಿ.

ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ತರಬೇತಿ ಶುರುವಾಗುವವರೆಗೆ ಮನೆಯಲ್ಲಿ ಏನು ಮಾಡಲಿ? ಕಂಪ್ಯೂಟರ್‌ನಲ್ಲಿ ಹಾರಾಟದ ಆಟ ಆಡಿದರೆ ಉಪಯೋಗವಿದೆಯೇ?

ನಿವೃತ್ತ ಕ್ಯಾಪ್ಟನ್, ಮೈಸೂರು

ನನಗೆ ನಂಬಿಕೆಯಿಲ್ಲ. ಕೆಟ್ಟ ಅಭ್ಯಾಸ ಅಂಟುತ್ತದೆ.

ಎ320 ಸಹಪೈಲಟ್, ಬೆಂಗಳೂರು

ಸರ್ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಲ್ಯಾಂಡಿಂಗ್ ಅಭ್ಯಾಸಕ್ಕೆ ಅದು ಬೇಡ. ಎಂಸಿಡಿಯು ಗುಂಡಿಗಳು ಬೆರಳಿಗೆ ಒಗ್ಗಲು ಧಾರಾಳವಾಗಿ ಸಾಕು. ಕಾಕ್‌ಪಿಟ್‌ನ ಕಾಗದದ ಪೋಸ್ಟರ್ ಗೋಡೆಗೆ ಅಂಟಿಸಿ, ಜೊತೆಗೆ ಕಲಿಯುವ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಂಗಳೂರು–ದೆಹಲಿ ತುಂಬುವುದು ಸಲೀಸಾದ ಮೇಲೆ, ದೆಹಲಿಯಲ್ಲಿ ಮಂಜು ಕವಿದಿದೆ, ಜೈಪುರಕ್ಕೆ ಹೋಗಿ ಎಂದು ಅವರು ನಡುವೆ ಹೇಳಲಿ. ನೀವು ಪುಟ ಬದಲಿಸುವಾಗ ವಿಮಾನವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದೂ ಅವರು ಕೇಳಲಿ.